ಬೀಗ ಹಾಕಿದ ಪೆಟ್ಟಿಗೆಗೆ ಹೊಣೆ ಯಾರು?

2024ರ ಸೆಪ್ಟೆಂಬರ್ 1ರಂದು ಅಮೆರಿಕದ ಮಿಲ್ವಾಕಿ ಮೈಲ್ ಓವಲ್ ಟ್ರ್ಯಾಕ್‌ನಲ್ಲಿ ಇಂಡಿಕಾರ್ ರೇಸ್ ಇನ್ನೂ ಆರಂಭವಾಗಿರಲಿಲ್ಲ. ಪೇಸ್ ಕಾರಿನ ಹಿಂದೆ ಎಲ್ಲರೂ ನಿಧಾನವಾಗಿ ಸುತ್ತು ಹಾಕುತ್ತಿದ್ದಾಗಲೇ, ಅಂಕಪಟ್ಟಿಯ ಅಗ್ರಸ್ಥಾನದಲ್ಲಿದ್ದ ಸ್ಪೇನ್‌ನ ಅಲೆಕ್ಸ್ ಪಲೋ ಅವರ ಕಾರು ವಿದ್ಯುತ್ ವೈಫಲ್ಯದಿಂದ ನಿಂತುಬಿಟ್ಟಿತು. ದುರಸ್ತಿ ಮುಗಿಸಿ ಟ್ರ್ಯಾಕಿಗೆ ಮರಳುವಷ್ಟರಲ್ಲಿ 29 ಸುತ್ತು ಹಿಂದೆ ಬಿದ್ದಿದ್ದರು. ದಕ್ಕಿದ್ದು 19ನೇ ಸ್ಥಾನ. ಅದೇ ರೇಸಿನಲ್ಲಿ ಪ್ರತಿಸ್ಪರ್ಧಿ ವಿಲ್ ಪವರ್ ಅವರ ಕಾರು ಗಿರಕಿ ಹೊಡೆಯದೇ ಇದ್ದಿದ್ದರೆ ಇಡೀ ವರ್ಷದ ಚಾಂಪಿಯನ್‌ಶಿಪ್ ಲೆಕ್ಕಾಚಾರ ಬೇರೆಯೇ ಆಗುತ್ತಿತ್ತೇನೋ.

ಆ ದಿನದ ಎಲ್ಲ ತಪ್ಪನ್ನೂ ಹೈಬ್ರಿಡ್ ಘಟಕದ ತಲೆಗೆ ಕಟ್ಟಲು ನಾನು ಸಿದ್ಧನಿಲ್ಲ. ಆದರೆ ಅದಕ್ಕೆ ಎಂಟು ವಾರ ಮೊದಲು, ಜುಲೈ 7ರಂದು, ಹೈಬ್ರಿಡ್ ಕಾರುಗಳು ಮೊದಲ ಬಾರಿ ಸ್ಪರ್ಧೆಗಿಳಿದ ಮಿಡ್-ಒಹಾಯೊದಲ್ಲಿ ನಡೆದದ್ದನ್ನು ಮರೆಯುವಂತಿಲ್ಲ. ಆರು ಬಾರಿಯ ಚಾಂಪಿಯನ್ ಸ್ಕಾಟ್ ಡಿಕ್ಸನ್ ಅವರ ಕಾರು ಹೊಸ ವ್ಯವಸ್ಥೆಯ ದೋಷದಿಂದಾಗಿ, ಹಸಿರು ಬಾವುಟ ಬೀಸುವ ಮೊದಲೇ ನಿಂತಿತ್ತು. 2023ಕ್ಕೇ ಬರಬೇಕಿದ್ದ ಈ ತಂತ್ರಜ್ಞಾನವನ್ನು ಮತ್ತೆ ಮತ್ತೆ ಮುಂದೂಡಿ, ಕೊನೆಗೆ ಋತುವಿನ ನಡುವೆ ಅಳವಡಿಸಿದ ಆತುರಕ್ಕೆ ತೆತ್ತ ಬೆಲೆ ಇದೆಂದೇ ನನ್ನ ಭಾವನೆ.

ಇದರ ರಚನೆ ಜಾಣತನದ್ದು ಎಂಬುದರಲ್ಲಿ ಎರಡು ಮಾತಿಲ್ಲ. 2.2 ಲೀಟರ್ ಎಂಜಿನ್ ಮತ್ತು ಗೇರ್‌ಬಾಕ್ಸ್ ನಡುವಿನ ಕಿರಿದಾದ ಜಾಗದಲ್ಲಿ 48 ವೋಲ್ಟ್‌ನ ಮೋಟಾರ್-ಜನರೇಟರನ್ನೂ ವಿದ್ಯುತ್ ಸಂಗ್ರಹ ಘಟಕವನ್ನೂ ಕೂರಿಸಲಾಗಿದೆ. ಸಂಗ್ರಹಕ್ಕೆ ಬಳಸುವುದು ಬ್ಯಾಟರಿಯನ್ನಲ್ಲ, ಅಲ್ಟ್ರಾಕೆಪಾಸಿಟರನ್ನು. ಬ್ಯಾಟರಿಯಲ್ಲಿ ರಾಸಾಯನಿಕ ಕ್ರಿಯೆ ನಡೆಯಬೇಕು; ಇಲ್ಲಿ ವಿದ್ಯುದಂಶ ಫಲಕದ ಮೇಲ್ಮೈಯಲ್ಲೇ ನಿಲ್ಲುತ್ತದೆ. ಹೀಗಾಗಿ ಕೆಲವೇ ಸೆಕೆಂಡುಗಳಲ್ಲಿ ತುಂಬುತ್ತದೆ, ಅಷ್ಟೇ ಬೇಗ ಬರಿದಾಗುತ್ತದೆ. ದೊಡ್ಡ ಹಂಡೆಯಲ್ಲ, ಬಾಯಗಲದ ಚೆಂಬು! ಚಾಲಕನಿಗೆ ದೊರೆಯುವುದು ಸುಮಾರು 60 ಅಶ್ವಶಕ್ತಿಯ ಹೆಚ್ಚುವರಿ ನೆರವು.

ಓವಲ್ ಟ್ರ್ಯಾಕ್‌ನಲ್ಲಿ ಒಂದು ವಿಪರ್ಯಾಸವಿದೆ. ರಸ್ತೆಯ ಮೇಲಿನ ಹೈಬ್ರಿಡ್ ಕಾರು ಬ್ರೇಕ್ ಹಾಕಿದಾಗ ಪೋಲಾಗುವ ಶಕ್ತಿಯನ್ನು ಉಳಿಸಿಕೊಳ್ಳುತ್ತದೆ. ಇಂಡಿಯಾನಾಪೊಲಿಸ್‌ನ ಎರಡೂವರೆ ಮೈಲಿಯ ಸುತ್ತನ್ನು 40 ಸೆಕೆಂಡಿನ ಆಸುಪಾಸಿನಲ್ಲಿ ಮುಗಿಸುವ ಚಾಲಕ, ತಡೆಯಿಲ್ಲದ ಸುತ್ತಿನಲ್ಲಿ ಬ್ರೇಕ್ ಮುಟ್ಟುವುದೇ ಇಲ್ಲವೆನ್ನಬಹುದು. ಹಾಗಾದರೆ ಶಕ್ತಿ ಎಲ್ಲಿಂದ ಬರಬೇಕು? ತನ್ನದೇ ವೇಗದಿಂದ ಕಡ ಪಡೆಯಬೇಕು. ಮುಂದಿನ ಕಾರಿನ ಗಾಳಿಮರೆಯಲ್ಲಿ ನುಸುಳಿದಾಗ ತುಂಬಿಸಿಕೊಂಡು, ಹಿಂದಿಕ್ಕುವ ಕ್ಷಣಕ್ಕೆ ಅದನ್ನು ಖರ್ಚು ಮಾಡಬೇಕು. ಇದು ಇಂಧನದ ಉಳಿತಾಯವಲ್ಲ, ತಂತ್ರಗಾರಿಕೆ. ಪರಿಸರದ ಹೆಸರು ಹೇಳುವವರು ಇದನ್ನು ಒಪ್ಪಿಕೊಂಡರೆ ಒಳ್ಳೆಯದು. ಗಿರಕಿ ಹೊಡೆದು ಎಂಜಿನ್ ನಿಂತರೆ, ಹೊರಗಿನವರ ನೆರವಿಲ್ಲದೆ ಚಾಲಕನೇ ಮತ್ತೆ ಚಾಲೂ ಮಾಡಬಹುದೆಂಬುದು ಮಾತ್ರ ನಿಜವಾದ ಲಾಭ.

ನನ್ನ ತಕರಾರು ತಂತ್ರಜ್ಞಾನದ ಬಗ್ಗೆ ಅಲ್ಲ, ಹೊಣೆಗಾರಿಕೆಯ ಬಗ್ಗೆ. ಷೆವರ್ಲೆ ಮತ್ತು ಹೋಂಡಾ ಕೂಡಿ ರೂಪಿಸಿದ ಈ ಘಟಕ ಎಲ್ಲ ತಂಡಗಳಿಗೂ ಒಂದೇ. ವೆಚ್ಚ ಹತೋಟಿಯಲ್ಲಿಡಲು ಅದು ಸರಿಯಾದ ನಿರ್ಧಾರವೇ. ಆದರೆ ತಂಡದ ಮೆಕ್ಯಾನಿಕ್ ಅದನ್ನು ಬಿಚ್ಚಿ ತನಗೆ ಬೇಕಾದಂತೆ ಸುಧಾರಿಸುವಂತಿಲ್ಲ. ಗೇರ್‌ಬಾಕ್ಸ್ ಬೇರ್ಪಡಿಸದೆ ಬದಲಿಸಲೂ ಆಗದು. ಪಿಟ್‌ನಲ್ಲಿ ಟೈರ್ ಬದಲಿಸಿದಷ್ಟು ಸುಲಭದ ಕೆಲಸವಲ್ಲ ಅದು. ಸ್ವಂತ ಕೈಕೆಲಸದ ಲೋಪಕ್ಕೆ ಶಿಕ್ಷೆ ಅನುಭವಿಸುವುದು ಕ್ರೀಡೆ. ತಾನು ಮಾಡದ, ಮುಟ್ಟಲೂ ಆಗದ ಪೆಟ್ಟಿಗೆ ಕೈಕೊಟ್ಟರೆ ಅದು ಲಾಟರಿ.

2025ರ ಮೇ 25ರಂದು ಇಂಡಿ 500 ಮೊದಲ ಬಾರಿಗೆ ಹೈಬ್ರಿಡ್ ಕಾರುಗಳೊಡನೆ ನಡೆಯಿತು. ಗೆದ್ದವರು ಅದೇ ಪಲೋ. ಇದರಿಂದ ಪ್ರಶ್ನೆ ಬಗೆಹರಿಯಿತೆಂದು ಸಂಘಟಕರು ಭಾವಿಸಬಾರದು. 2028ಕ್ಕೆ ಹೊಸ ಕಾರನ್ನು ಪ್ರಕಟಿಸಲಾಗಿದೆ, ಅದರಲ್ಲೂ ಹೈಬ್ರಿಡ್ ಇರಲಿದೆ. ಅದಕ್ಕೂ ಮೊದಲು, ಘಟಕ ಕೆಟ್ಟಾಗಲೆಲ್ಲ ಯಾವ ಭಾಗ ಸೋತಿತು, ಎಷ್ಟು ಮೈಲಿ ಓಡಿತ್ತು, ಕಾರಣ ಶಾಖವೋ ಕಂಪನವೋ ಎಂಬ ವರದಿಯನ್ನು ಸರಣಿಯ ಆಡಳಿತವೇ ಮುಂದಿನ ರೇಸಿನೊಳಗೆ ಎಲ್ಲ ತಂಡಗಳಿಗೂ ಪ್ರೇಕ್ಷಕರಿಗೂ ಬಹಿರಂಗಪಡಿಸಬೇಕು. ವಿಮಾನ ಅಪಘಾತಗಳ ತನಿಖೆಯಲ್ಲಿ ಇದು ಹೊಸ ಸಂಗತಿಯೇನಲ್ಲ. ರೇಸಿಂಗ್ ಮಂಡಳಿಗೆ ಅದು ಭಾರವಾಗುವುದೇಕೆ?