ಶೌಚಶಿಕ್ಷಣವೂ ಸ್ನೇಹಧರ್ಮವೂ

ಐದಾರು ವರ್ಷ ತುಂಬಿದ ಮಗು ಇನ್ನೂ ಉಟ್ಟ ಬಟ್ಟೆಯಲ್ಲಿಯೇ ಶೌಚ ಮಾಡಿಕೊಂಡರೆ, ತಾಯಿತಂದೆಗಳು ಸರಿಯಾಗಿ ಕಲಿಸಲಿಲ್ಲವೆಂದು ದೂರುವ ಬಂಧುಮಿತ್ರರಿಗೆ ನಮ್ಮಲ್ಲಿ ಕೊರತೆಯಿಲ್ಲ. ಆ ಮಗುವಿಗೆ ಆಟಿಸಂ ಇದ್ದಲ್ಲಿ ಈ ದೂರು ಕೇವಲ ಅನ್ಯಾಯವಾದುದು. ಇಂತಹ ಅನೇಕ ಮಕ್ಕಳಿಗೆ ಒಡಲಿನ ಸೂಚನೆಯೇ ಸ್ಪಷ್ಟವಾಗಿ ತಿಳಿಯದು. ಕಕ್ಕಸಿನಲ್ಲಿ ನೀರು ಭೋರ್ಗರೆಯುವ ಸದ್ದು ಕೆಲವರಿಗೆ ಭಯಂಕರ. ಮಲಬದ್ಧತೆಯು ಹಲವರನ್ನು ಬಾಧಿಸುವುದು. ಗದರಿಕೆಯಿಂದ ಇದಾವುದೂ ನೀಗತಕ್ಕದ್ದಲ್ಲ. ನಿಯತಕಾಲದ ಅಭ್ಯಾಸ, ಹಂತಹಂತವಾಗಿ ತೋರುವ ಚಿತ್ರಗಳು, ಮೆಚ್ಚುಗೆಯ ಮಾತು, ಬೇಕಾದಲ್ಲಿ ವೈದ್ಯರ ನೆರವು, ಇವುಗಳಿಂದ ತಿಂಗಳುಗಳಲ್ಲಿ, ಕೆಲವೊಮ್ಮೆ ವರ್ಷಗಳಲ್ಲಿ, ಫಲವು ದೊರೆಯುವುದು.

ಹಾಗಾದರೆ ಮಿತ್ರರ ಕರ್ತವ್ಯವೇನು? ಅಂಗವಿಕಲ ವ್ಯಕ್ತಿಗಳ ಹಕ್ಕುಗಳ 2016ರ ಕಾಯಿದೆಯು ತನ್ನ 21 ವೈಕಲ್ಯಗಳ ಪಟ್ಟಿಯಲ್ಲಿ ಆಟಿಸಮನ್ನೂ ಸೇರಿಸಿದೆ. ಆದರೆ ಹಬ್ಬದೂಟಕ್ಕೆ ಆ ಮಗುವನ್ನೂ ಕರೆಯಿರೆಂದು ಯಾವ ಕಾಯಿದೆಯೂ ಆಜ್ಞಾಪಿಸಲಾರದು. ಕೇಳದ ಉಪದೇಶವನ್ನು ಬಿಟ್ಟು ಅವರನ್ನು ಕರೆಯಿರಿ. ಬಂದೊಡನೆ ಮಗುವಿಗೆ ಕಕ್ಕಸನ್ನು ತೋರಿಸಿರಿ; ಮಗುವಿನ ವಾಡಿಕೆಯ ಹೊತ್ತಿಗೆ ತೆರವಾಗಿರಿಸಿರಿ. ಜಮಖಾನ ನೆನೆದರೆ ಮುಖ ಸಿಂಡರಿಸದಿರಿ. ಜಮಖಾನವನ್ನು ಒಗೆಯಬಹುದು; ನಾಚಿ ಬಾಗಿಲು ಮುಚ್ಚಿಕೊಂಡ ಸಂಸಾರವನ್ನು ಮರಳಿ ಹೊರಗೆ ಕರೆತರುವುದು ಸುಲಭವಲ್ಲ.