ನೂರು ತುಂಬುವವರೆಗೆ ಉಳಿದಾವೇ?

ಮದ್ದೂರು ಬಿಟ್ಟು ಮಂಡ್ಯದ ಕಡೆ ಹೊರಟ ಪ್ಯಾಸೆಂಜರ್ ರೈಲು ಹನಕೆರೆಯಲ್ಲಿ ಒಂದು ಗಳಿಗೆ ನಿಲ್ಲುತ್ತದೆ. ಕಿಟಕಿಯಾಚೆ ಕಬ್ಬು, ಭತ್ತ, ತೆಂಗು. ಅವಕ್ಕೆ ನೀರುಣಿಸುವ ಕಾಲುವೆ. ಇಲ್ಲಿ ನೋಡುವಂಥದ್ದು ಏನಿದೆ ಎಂದು ಕೇಳಿದರೆ, ಊರಿನವರೂ ಗುಡಿಯತ್ತ ಕೈ ತೋರಿಸಿಯಾರು, ಇಲ್ಲವೇ ಶ್ರೀರಂಗಪಟ್ಟಣಕ್ಕೆ ಹೋಗಿ ಅಂದಾರು. ನೋಡುವಂಥದ್ದೆಂದರೆ ದೇವಸ್ಥಾನ, ಕೋಟೆ, ಅರಮನೆ ಎಂಬ ಲೆಕ್ಕ ನಮ್ಮಲ್ಲಿ ಅಷ್ಟು ಬೇರೂರಿದೆ. ಆ ಲೆಕ್ಕದಲ್ಲಿ ಕಾಲುವೆಗೆ ಜಾಗವಿಲ್ಲ.

ಆದರೆ ಈ ಸೀಮೆಯನ್ನು ಇಂದಿನ ಮಂಡ್ಯವಾಗಿ ಮಾಡಿದ್ದು ಕಾಲುವೆಯೇ. 1911ರಲ್ಲಿ ಶುರುವಾದ ಕನ್ನಂಬಾಡಿ ಕಟ್ಟೆ 1932ರ ಹೊತ್ತಿಗೆ ಮುಗಿಯಿತು. ಸಿಮೆಂಟಿನ ಬದಲು ಸುರ್ಕಿ ಗಾರೆಯಲ್ಲಿ ಎದ್ದ ಆ ಕಟ್ಟೆಯಿಂದ ಹೊರಟ ಇರ್ವಿನ್ ನಾಲೆ, ಅಂದರೆ ಈಗಿನ ವಿಶ್ವೇಶ್ವರಯ್ಯ ನಾಲೆ, ಹುಲಿಕೆರೆಯ ಬಳಿ ಸುರಂಗದಲ್ಲಿ ನುಸುಳಿ ಮಂಡ್ಯ, ಮದ್ದೂರು, ಮಳವಳ್ಳಿಯ ಮಳೆಯಾಶ್ರಿತ ಹೊಲಗಳನ್ನು ಗದ್ದೆ ಮಾಡಿತು. ನೀರು ಬಂದ ಮೇಲೆ ಕಬ್ಬು ಬಂತು, ಕಬ್ಬಿನ ಬೆನ್ನಿಗೇ 1933ರಲ್ಲಿ ಮೈಷುಗರ್ ಬಂತು. ಕಾರ್ಖಾನೆಯ ಸುತ್ತ ಪೇಟೆ ಬೆಳೆಯಿತು. 1939ರ ಜುಲೈ 1ರಂದು ಮಂಡ್ಯ ಜಿಲ್ಲೆಯೇ ಆಯಿತು. ಎಷ್ಟೋ ಊರುಗಳು ದೇವಸ್ಥಾನದ ಸುತ್ತ ಬೆಳೆದಿವೆ. ಈ ಊರು ಬೆಳೆದದ್ದು ತೂಬು ಮತ್ತು ಗಾಣದ ಸುತ್ತ.

ಇವುಗಳನ್ನು ಸ್ಮಾರಕವೆನ್ನಲು ಕಾನೂನು ಒಪ್ಪುವುದಿಲ್ಲ. ಕೇಂದ್ರದ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯಾಗಲಿ, ರಾಜ್ಯದ 1961ರ ಕಾಯ್ದೆಯಾಗಲಿ, ಕನಿಷ್ಠ 100 ವರ್ಷ ಬಾಳಿದ್ದನ್ನು ಮಾತ್ರ ಪ್ರಾಚೀನವೆಂದು ಕಾಣುತ್ತವೆ. ಹಾಗೆ ಬಾಳಿದ್ದಕ್ಕೂ ರಕ್ಷಣೆ ತಾನಾಗಿ ಸಿಗದು, ಸರ್ಕಾರ ಅಧಿಸೂಚನೆ ಹೊರಡಿಸಬೇಕು. ಒಮ್ಮೆ ಸಿಕ್ಕರೆ ಮಾತ್ರ ಅದು ಗಟ್ಟಿ: ಕೇಂದ್ರದ ರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಹೊಸ ಕಟ್ಟಡ ನಿಷಿದ್ಧ, ಅದರಾಚೆಯ 200 ಮೀಟರ್ ನಿಯಂತ್ರಿತ. ಈಗ ಕೂಡಿ ಕಳೆದು ನೋಡಿ. ಕನ್ನಂಬಾಡಿ ಕಟ್ಟೆಗೆ ನೂರು ತುಂಬುವುದು 2032ರಲ್ಲಿ, ಮೈಷುಗರ್‌ಗೆ 2033ರಲ್ಲಿ. ತೊಂಬತ್ತು ದಾಟಿ ನೂರು ಮುಟ್ಟದ ಈ ಅವಧಿಯೇ ಯಾವುದೇ ಕಟ್ಟಡಕ್ಕೆ ಅತಿ ಕೆಟ್ಟ ಕಾಲ. ರಿಪೇರಿ ಬೇಡುವಷ್ಟು ಮುದಿಯಾಗಿರುತ್ತದೆ, ಕಾನೂನು ಕಾಯುವಷ್ಟು ಮುದಿಯಾಗಿರುವುದಿಲ್ಲ.

ರಿಪೇರಿಯಂತೂ ನಡೆದೇ ಇದೆ, ನಡೆಯಲೂಬೇಕು. ಕೆಲವು ವರ್ಷ ನಿಂತಿದ್ದ ಮೈಷುಗರ್ 2022ರಲ್ಲಿ ಮತ್ತೆ ಕಬ್ಬು ಅರೆಯತೊಡಗಿತು. ನಾಲೆಗಳಿಗೆ ಆಧುನೀಕರಣದ ಹೆಸರಲ್ಲಿ ಕಾಂಕ್ರೀಟ್ ಬೀಳುತ್ತಿದೆ. ಕೊನೇ ಭಾಗದ ರೈತನಿಗೆ ನೀರು ಮುಟ್ಟಬೇಕೆಂದರೆ ಸೋರಿಕೆ ನಿಲ್ಲಲೇಬೇಕು. ಅದಕ್ಕೆ ಅಡ್ಡ ಬರುವ ಪರಂಪರೆ ಪ್ರೇಮ ಯಾರಿಗೂ ಬೇಡ. ತಪ್ಪುತ್ತಿರುವುದು ಬೇರೆ ಕಡೆ. ಹಳೆಯ ಯಂತ್ರ ಗುಜರಿಗೆ ಹೋಗುವಾಗ, ಕಲ್ಲಿನ ತೂಬು ಕಿತ್ತು ಹೊಸ ಗೇಟು ಕೂರಿಸುವಾಗ, ಇದನ್ನೊಮ್ಮೆ ಅಳೆದು ಬರೆದಿಡಿ ಎಂದು ಹೇಳುವವರು ಯಾರೂ ಇಲ್ಲ.

ಇನ್ನೊಂದು ತುದಿಯ ಉದಾಹರಣೆ ನೋಡಿ. ಅಮೆರಿಕದ ರೋಡ್ ಐಲೆಂಡ್ ರಾಜ್ಯದ ನ್ಯೂಪೋರ್ಟ್ ಕಡಲ ದಂಡೆಯ ಸಿರಿವಂತರ ಊರು. ರೈಲ್ವೆಯಲ್ಲಿ ದುಡ್ಡು ಮಾಡಿದ ವಾಂಡರ್‌ಬಿಲ್ಟ್ ಮನೆತನ ಬೇಸಿಗೆ ಕಳೆಯಲೆಂದು 1895ರಲ್ಲಿ ಅಲ್ಲಿ 70 ಕೋಣೆಗಳ ಮಹಲು ಕಟ್ಟಿಸಿತು, ಹೆಸರು ಬ್ರೇಕರ್ಸ್. ಕಾಲ ಬದಲಾಗಿ ಇಂಥ ಮಹಲುಗಳ ಖರ್ಚು ಸಿರಿವಂತರಿಗೇ ಹೊರೆಯಾಯಿತು. 1945ರಲ್ಲಿ ಊರಿನವರು ಸೇರಿ ಸಂರಕ್ಷಣಾ ಸಂಘ ಕಟ್ಟಿದರು. ಮೂರು ವರ್ಷದ ಬಳಿಕ ಮಹಲನ್ನು ವರ್ಷಕ್ಕೆ 1 ಡಾಲರ್ ಬಾಡಿಗೆಗೆ ಹಿಡಿದು, ಟಿಕೆಟ್ ಇಟ್ಟು ಜನರಿಗೆ ತೆರೆದರು. ಆಗ ಅದರ ವಯಸ್ಸು 53. ಸಂಘ ನೂರರ ಹುಟ್ಟುಹಬ್ಬಕ್ಕೆ ಕಾಯಲಿಲ್ಲ. ಇಂದಿಗೂ ಆ ದೇಶದ ರಾಷ್ಟ್ರೀಯ ಪಟ್ಟಿಗೆ ಸೇರಲು ಸಾಮಾನ್ಯವಾಗಿ ಬೇಕಾದದ್ದು 50 ವರ್ಷ.

ಅದು ದುಡ್ಡಿದ್ದವರ ಊರು, ನಮಗೆ ಹೇಗೆ ಸಾಧ್ಯ ಎನ್ನಬಹುದು. ಮಹಲು ಮತ್ತು ನಾಲೆಗೆ ಇರುವ ವ್ಯತ್ಯಾಸ ನಮ್ಮ ಪರವಾಗಿಯೇ ಇದೆ. ಮಾಲೀಕ ಬಿಟ್ಟುಹೋದ ಮಹಲಿಗೆ ಹೊಸ ಕೆಲಸ ಹುಡುಕಬೇಕು. ನಾಲೆಗೆ ಕೆಲಸ ಇದ್ದೇ ಇದೆ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದ ವಿದ್ಯುದಾಗಾರವನ್ನೇ ತೆಗೆದುಕೊಳ್ಳಿ. 1902ರ ಜೂನ್ 30ರಂದು ಅಲ್ಲಿಂದ ಹೊರಟ ವಿದ್ಯುತ್ತು ಸುಮಾರು 147 ಕಿ.ಮೀ. ತಂತಿಯ ಮೇಲೆ ಸಾಗಿ ಕೋಲಾರದ ಚಿನ್ನದ ಗಣಿ ಮುಟ್ಟಿತು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಅದಾದ ಮೂರು ವರ್ಷಕ್ಕೆ. ನೂರಿಪ್ಪತ್ತು ದಾಟಿದ ಆ ಕೇಂದ್ರ ಈಗಲೂ ದುಡಿಯುತ್ತಿದೆ, ದುಡಿಯುತ್ತಿರುವುದರಿಂದಲೇ ಉಳಿದಿದೆ.

ಕೆಲಸ ನಿಂತದ್ದರ ಪಾಡು ಬೇರೆ. ಶಿವನಸಮುದ್ರದ ಬಳಿಯ ವೆಸ್ಲಿ ಸೇತುವೆಯ ಮೇಲೆ ವಾಹನ ಸಂಚಾರ ನಿಂತಿತ್ತು. ಸುಮಾರು 200 ವರ್ಷದ ಆ ಕಲ್ಲುಕಂಬದ ಸೇತುವೆಯ ಒಂದು ಭಾಗವನ್ನು 2018ರ ಕಾವೇರಿ ನೆರೆ ಕೊಚ್ಚಿಕೊಂಡು ಹೋಯಿತು. ಬಳಕೆಯೊಂದೇ ಸಾಕೆಂದೂ ಹೇಳಲಾಗದು. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಅಂಗಡಿಗಳಲ್ಲಿ ವ್ಯಾಪಾರ ನಡೆಯುತ್ತಿರುವಾಗಲೇ 2012ರಲ್ಲಿ ಒಂದು ಭಾಗ ಕುಸಿದು ನಾಲ್ವರು ಸತ್ತರು. ಬಳಸುವವರು ಬೇಕು, ಮೈ ನೋಡಿಕೊಳ್ಳುವವರೂ ಬೇಕು.

ಇದ್ದ ಜಾಗದಿಂದ ಎತ್ತಿ ಉಳಿಸುವುದು ನಮಗೆ ರೂಢಿಯಾದ ಇನ್ನೊಂದು ದಾರಿ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಕಾಡುಹಂದಿಯೊಡನೆ ಕಾದಾಡಿ ಸತ್ತ ಕಾಳಿ ಎಂಬ ನಾಯಿಗೆ ಹತ್ತನೇ ಶತಮಾನದಲ್ಲಿ ನಿಲ್ಲಿಸಿದ ಕಲ್ಲು ಈಗ ಬೆಂಗಳೂರಿನ ಮ್ಯೂಸಿಯಂನಲ್ಲಿದೆ. ಕಲ್ಲು ಸುರಕ್ಷಿತ, ಆತಕೂರಿಗೆ ಹೋದವರಿಗೆ ಕಾಳಿ ಸಿಗುವುದಿಲ್ಲ. ಶ್ರೀರಂಗಪಟ್ಟಣದಲ್ಲಿ ಜೋಡಿ ಹಳಿಗೆ ಅಡ್ಡವಾಗಿದ್ದ ಟಿಪ್ಪುವಿನ ಮದ್ದಿನ ಮನೆಯನ್ನು 2017ರಲ್ಲಿ ಬುಡಸಮೇತ ಎತ್ತಿ ನೂರು ಮೀಟರಿಗೂ ಆಚೆ ಕೂರಿಸಿದರು. ಎಂಜಿನಿಯರುಗಳಿಗೆ ಶಹಬ್ಬಾಸ್ ಅನ್ನಲೇಬೇಕು. ಆದರೆ ಸುರಂಗವನ್ನು ಎತ್ತಿಡಲಾಗದು, ನಾಲೆಯನ್ನು ಮ್ಯೂಸಿಯಂಗೆ ಒಯ್ಯಲಾಗದು. ಅವು ಉಳಿದರೆ ಇದ್ದಲ್ಲೇ ಉಳಿಯಬೇಕು.

ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ. ರಾಜ್ಯದ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಲ್ಲಿ ಪಾರಂಪರಿಕ ಕಟ್ಟಡಕ್ಕೆ ಕೊಟ್ಟಿರುವ ವ್ಯಾಖ್ಯಾನ ವಯಸ್ಸು ಕೇಳುವುದಿಲ್ಲ. ವಾಸ್ತು, ಇತಿಹಾಸ, ಸಂಸ್ಕೃತಿಯ ಬೆಲೆಯಿದ್ದರೆ ಯೋಜನಾ ಪ್ರಾಧಿಕಾರವೇ ಘೋಷಿಸಬಹುದು. ಮೈಷುಗರ್‌ನ ಹಳೆಯ ಕಟ್ಟಡಗಳಿಂದ ಮಂಡ್ಯ ಈ ಕೆಲಸ ಶುರು ಮಾಡಬಹುದು. ನಾಲೆಗಳು ಕಾವೇರಿ ನೀರಾವರಿ ನಿಗಮದ ಸುಪರ್ದಿನಲ್ಲಿವೆ. ಕಾಂಕ್ರೀಟ್ ಹಾಕುವ ಮುನ್ನ ಪ್ರತಿ ಹಳೆಯ ತೂಬಿನ ಅಳತೆ, ನಕ್ಷೆ, ಚಿತ್ರ ತೆಗೆದಿಡಬೇಕೆಂಬ ಒಂದು ಸಾಲನ್ನು ಟೆಂಡರಿಗೆ ಸೇರಿಸಿದರೆ ಸಾಕು. ತಾಲ್ಲೂಕಿಗೆ ಒಂದೆರಡನ್ನಾದರೂ ಮೂಲ ರೂಪದಲ್ಲೇ ದುರಸ್ತಿ ಮಾಡಿ ಉಳಿಸಿಕೊಳ್ಳಲಿ. ಹೊಗೆಗೂಡಿನ ಹಳೆಯ ಆಲೆಮನೆಗಳೂ ಪಟ್ಟಿಗೆ ಬರಲಿ. ಕೊಪ್ಪರಿಗೆ, ಒಲೆ, ಅಚ್ಚಿನ ಮಣೆ ಎಲ್ಲಿರಬೇಕೆಂದು ಬೆಲ್ಲ ಬೇಯಿಸುವವರೇ ತೀರ್ಮಾನಿಸಿದ ವಾಸ್ತು ಅದು.

ಅವಸರಕ್ಕೆ ಇನ್ನೊಂದು ಕಾರಣವಿದೆ. 2023ರ ಮಾರ್ಚ್ 12ರಂದು ಗೆಜ್ಜಲಗೆರೆಯಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿ ಮದ್ದೂರನ್ನೂ ಮಂಡ್ಯವನ್ನೂ ಬಳಸಿ ಹೋಗುತ್ತದೆ. 1938ರ ಏಪ್ರಿಲ್‌ನಲ್ಲಿ ನಿಷೇಧ ಮೀರಿ ಬಾವುಟ ಹಾರಿಸಿದ್ದರ ನೆನಪಿಗೆ ನಿಂತಿರುವ ಶಿವಪುರದ ಸತ್ಯಾಗ್ರಹ ಸೌಧ ಹಳೆಯ ರಸ್ತೆಯಲ್ಲಿ ಹೋಗುವ ಎಲ್ಲರ ಕಣ್ಣಿಗೆ ಬೀಳುತ್ತಿತ್ತು. ಈಗ ಹುಡುಕಿಕೊಂಡು ಹೋದವರಿಗಷ್ಟೇ. ದಾರಿಹೋಕರ ಕಣ್ಣು ತಪ್ಪಿದ್ದು ಸರ್ಕಾರದ ಕಣ್ಣನ್ನೂ ಬೇಗ ತಪ್ಪುತ್ತದೆ.

2033ರಲ್ಲಿ ಮೈಷುಗರ್‌ಗೆ ಶತಮಾನೋತ್ಸವ ನಡೆದೇ ನಡೆಯುತ್ತದೆ. ಪೆಂಡಾಲು, ಸ್ಮರಣ ಸಂಚಿಕೆ ಎಲ್ಲ ಇರುತ್ತವೆ. ಅಷ್ಟರೊಳಗೆ ಪಟ್ಟಿ ಸಿದ್ಧವಾಗಲಿ. ಅದನ್ನು ಬೆಂಗಳೂರಿನ ಕಚೇರಿಯಲ್ಲಿ ಕೂತು ಬರೆಯುವುದು ಬೇಡ. ಯಾವ ತೂಬು ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಬಿಡುತ್ತಿತ್ತು ಎಂಬುದನ್ನು ಬಾಯಲ್ಲೇ ಹೇಳಬಲ್ಲ ಹಳೆಯ ನೀರುಗಂಟಿಗಳು ಹನಕೆರೆಯಂಥ ಊರುಗಳಲ್ಲಿ ಇನ್ನೂ ಸಿಕ್ಕಾರು. ಮೊದಲ ಸಾಲು ಅವರನ್ನು ಕೇಳಿ ಬರೆಯಬೇಕು, ಅವರಿರುವಾಗಲೇ.