ಅಜ್ಜಂಪುರದಲ್ಲಿ ಎಷ್ಟು ಅಕ್ಷರ?

ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಒಂದು ಕಾಲದಲ್ಲಿ ಪುಟ್ಟ ರೈಲು ಓಡುತ್ತಿತ್ತು. ಹಳಿಯ ಅಗಲ ಎರಡೇ ಅಡಿ. ಬೀರೂರು–ಶಿವಮೊಗ್ಗ ಮಾರ್ಗ ಆಗ ಮೀಟರ್ ಗೇಜ್. ಹಾಗಾಗಿ ಮಲೆನಾಡಿನ ಸರಕು ಮುಂದಕ್ಕೆ ಹೋಗಬೇಕಾದರೆ ತರೀಕೆರೆಯಲ್ಲಿ ಇಳಿದು ಬೇರೆ ಗಾಡಿ ಹತ್ತಲೇಬೇಕು. ಎರಡೂ ಗಾಡಿಗಳು ತಂತಮ್ಮ ಹಳಿಯ ಮೇಲೆ ಸರಿಯಾಗಿಯೇ ಓಡುತ್ತಿದ್ದವು. ತಾಪತ್ರಯವೆಲ್ಲ ನಡುವಿನ ಪ್ಲಾಟ್‌ಫಾರ್ಮಿನದು.

ಕಂಪ್ಯೂಟರಿನ ಒಳಗೂ ಇಂಥ ಪ್ಲಾಟ್‌ಫಾರ್ಮುಗಳಿವೆ. ದೃಷ್ಟಿ ಇಲ್ಲದವರಿಗೆ ಪರದೆಯನ್ನು ಓದಿಹೇಳುವ ಎನ್‌ವಿಡಿಎ ಎಂಬ ಉಚಿತ ತಂತ್ರಾಂಶವನ್ನೇ ನೋಡಿ. ಸ್ವತಃ ದೃಷ್ಟಿ ಇಲ್ಲದ ಆಸ್ಟ್ರೇಲಿಯಾದ ಮೈಕಲ್ ಕರನ್ 2006ರಲ್ಲಿ ಶುರುಮಾಡಿದ್ದು, ಬಹುಪಾಲು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿದೆ. ಅದರ ಜೊತೆಗೇ ಬರುವ, ಕನ್ನಡಕ್ಕೂ ದನಿ ಕೊಡಬಲ್ಲ ಇ-ಸ್ಪೀಕ್ ಎನ್‌ಜಿ ಮಾತ್ರ ಸಿ ಭಾಷೆಯದು. ಎರಡರ ನಡುವೆ ಸರಕು ಇಳಿಸಿ ಹತ್ತಿಸುವ ಕೆಲಸ ಸಿಟೈಪ್ಸ್ ಎಂಬ ಪೈಥಾನ್ ಸೌಲಭ್ಯದ್ದು. ದನಿಯ ಯಂತ್ರವನ್ನು ಪೈಥಾನಿನಲ್ಲಿ ಮತ್ತೆ ಬರೆಯುವ ಹುಚ್ಚಿಗೆ ಯಾರೂ ಬೀಳಲಿಲ್ಲ. ಅದೇ ಜಾಣತನ.

ಆದರೆ ಪ್ಲಾಟ್‌ಫಾರ್ಮಿನಲ್ಲಿ ಲೆಕ್ಕ ತಪ್ಪಬಾರದು. ‘ಅಜ್ಜಂಪುರ’ ಎಂಬ ಹೆಸರನ್ನೇ ದಾಟಿಸೋಣ. ಶಾಲೆಯ ಹುಡುಗ ಎಣಿಸಿದರೆ ನಾಲ್ಕು ಅಕ್ಷರ: ಅ, ಜ್ಜಂ, ಪು, ರ. ಪೈಥಾನನ್ನು ಕೇಳಿದರೆ 8, ಏಕೆಂದರೆ ಯೂನಿಕೋಡಿನಲ್ಲಿ ಒತ್ತಕ್ಷರವು ಜ, ಹಲಂತ, ಜ ಎಂದು ಬಿಡಿಯಾಗಿರುತ್ತದೆ. ಸೊನ್ನೆ, ಕೊಂಬುಗಳೂ ಬೇರೆ ಬೇರೆ. ಅದನ್ನೇ ಯುಟಿಎಫ್-8 ಕ್ರಮದ ಬೈಟ್‌ಗಳಾಗಿ ಮಾಡಿ ಸಿ ಭಾಷೆಗೆ ಕೊಟ್ಟರೆ 24, ಒಂದೊಂದು ಚಿಹ್ನೆಗೂ ಮೂರು ಬೈಟ್. ಪೈಥಾನ್ ಹೇಳಿದ ಎಂಟನ್ನೇ ನಂಬಿ ‘ಎಂಟು ಬೈಟ್ ಓದು’ ಎಂದುಬಿಟ್ಟರೆ ‘ಅಜ’ ಮುಗಿದು, ಹಲಂತದ ಮೂರು ಬೈಟ್‌ಗಳಲ್ಲಿ ಎರಡನ್ನು ಓದಿ ಗಾಡಿ ನಿಲ್ಲುತ್ತದೆ. ಇಂಗ್ಲಿಷ್ ಲಿಪಿಯಲ್ಲಿ ಬರೆದ ಕಡೂರು ಎಲ್ಲರ ಲೆಕ್ಕದಲ್ಲೂ ಐದೇ. ಅದರಿಂದ ಪರೀಕ್ಷೆ ಮಾಡಿದವರಿಗೆ ಈ ತಪ್ಪು ಎಂದೂ ಸಿಗುವುದಿಲ್ಲ. ತರೀಕೆರೆಯದು ಇನ್ನೊಂದು ತರಲೆ: ‘ರೀ’ಯ ದೀರ್ಘ ಒಂದೇ ಚಿಹ್ನೆಯಾಗಿಯೂ ಬರಬಹುದು, ಗುಡಿಸು ಮತ್ತು ದೀರ್ಘ ಎಂದು ಎರಡಾಗಿಯೂ ಬರಬಹುದು. ಕಣ್ಣಿಗೆ ಎರಡೂ ಒಂದೇ. ಬೈಟ್ ಮಾತ್ರ ಒಮ್ಮೆ 21, ಒಮ್ಮೆ 24.

ಇನ್ನೂ ಒಂದು ಅಪಾಯವುಂಟು. ಪೈಥಾನಿನೊಳಗಿನ ತಪ್ಪು ಒಂದು ದೂರು ಕೊಟ್ಟು ನಿಲ್ಲುತ್ತದೆ. ಸಿ ಕಡೆ ಎಡವಿದರೆ ಇಡೀ ಪ್ರೋಗ್ರಾಮೇ ಮಾತಿಲ್ಲದೆ ಮಲಗಬಹುದು. ಜಾವಾದವರು ಇದಕ್ಕಾಗಿ ವರ್ಷಗಟ್ಟಲೆ ತಲೆಕೆಡಿಸಿಕೊಂಡು, ಸಿ ಕಡೆಗೆ ಇದ್ದ 1997ರ ಜೆಎನ್‌ಐ ಎಂಬ ಹಳೆಯ ದಾರಿಯ ಪಕ್ಕದಲ್ಲಿ 2024ರ ಜಾವಾ 22ರಲ್ಲಿ ಹೊಸ ದಾರಿಯನ್ನೇ ಹಾಕಿದರು. ಯೋಜನೆಯ ಹೆಸರು ಆ ಕಾಲುವೆಯದೇ: ಪನಾಮಾ!

ಕನ್ನಡದಲ್ಲಿ ನಡೆಯುತ್ತಿರುವುದೇ ಬೇರೆ. ‘ನುಡಿ’ ತಂತ್ರಾಂಶದ ಹಳೆಯ ಕಡತಗಳನ್ನು ಯೂನಿಕೋಡಿಗೆ ತರುವ ಪರಿವರ್ತಕಗಳು ಪೈಥಾನಿಗೊಂದು, ಜಾವಾಸ್ಕ್ರಿಪ್ಟಿಗೊಂದು ಎಂದು ಬೇರೆ ಬೇರೆ ಹುಟ್ಟಿವೆ. ಹಳೆಯ ಅಕ್ಷರಶೈಲಿಯಲ್ಲಿ ಅರ್ಕಾವೊತ್ತು ಅಕ್ಷರದ ಆಚೆ, ಯೂನಿಕೋಡಿನಲ್ಲಿ ರಕಾರ ಮುಂದೆ. ಆ ಅದಲುಬದಲನ್ನು ಒಂದರಲ್ಲಿ ತಿದ್ದಿದರೆ ಇನ್ನೊಂದಕ್ಕೆ ಸುದ್ದಿಯೇ ಹೋಗುವುದಿಲ್ಲ. ಒಂದೇ ಸಲ ಸಿ ಭಾಷೆಯಲ್ಲಿ ಬರೆದು ಎಲ್ಲರೂ ಕರೆಯುವಂತೆ ಇಟ್ಟರೆ ಸಾಕು; ಬ್ರೌಸರಿಗೆ ಬೇಕಾದರೆ ಅದನ್ನೇ ವೆಬ್‌ಅಸೆಂಬ್ಲಿಗೆ ಕಂಪೈಲ್ ಮಾಡಬಹುದು. ವಿಂಡೋಸ್‌ಗೆ, ಲಿನಕ್ಸ್‌ಗೆ, ಮೊಬೈಲಿಗೆ ಬೇರೆ ಬೇರೆ ಕಟ್ಟಿಕೊಡುವ ದುಡಿಮೆ ಇದ್ದೇ ಇದೆ, ನಿಜ. ಆದರೂ ತಪ್ಪನ್ನು ಐದು ಕಡೆ ಹುಡುಕುವುದಕ್ಕಿಂತ ಅದು ಹಗುರ.

ಸರ್ಕಾರದ ದುಡ್ಡಿನಲ್ಲಿ ಕನ್ನಡ ತಂತ್ರಾಂಶ ಮಾಡಿಸುವವರು ಟೆಂಡರಿಗೆ ಎರಡು ಷರತ್ತು ಸೇರಿಸಲಿ: ಯಾವ ಭಾಷೆಯಿಂದಲಾದರೂ ಕರೆಯಬಹುದಾದ ಒಂದೇ ಲೈಬ್ರರಿ, ಮತ್ತು ಕಡೂರು, ತರೀಕೆರೆ, ಅಜ್ಜಂಪುರ ಎಂಬ ಮೂರು ಕನ್ನಡ ಪದ ಅತ್ತಿಂದಿತ್ತ ದಾಟಿ ಇಡಿಯಾಗಿ ಮರಳುವವರೆಗೆ ಬಿಲ್ ಪಾಸಾಗಬಾರದು.